ಛತ್ರದ ತಾರಸಿಯಲ್ಲಿ ಐಸ್ ಕಟ್ಟಿದ ಚಳಿಗಾಲ

ಐಟಿಐ ಮುಗಿಸಿಕೊಂಡು ನಾನು ದೊಡ್ಡಬಳ್ಳಾಪುರದಲ್ಲಿ ಕೆಲಸ ಕೇಳಿದ ಐದು ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಎದುರಾಯಿತು. "ಹೆಣ್ಮಗಳು ಗ್ಯಾಸ್ ಸಿಲಿಂಡರ್ ಹೊತ್ಕೊಂಡು ಏಣಿ ಹತ್ತೀಯಾ?" ಎಂದು ಕೇಳಿ ಅವರವರೇ ಮುಖ ನೋಡಿಕೊಂಡು ನಗುತ್ತಿದ್ದರು. ಆರನೆಯ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿತ್ತು. ಅಲ್ಲಿ ಕೂತಿದ್ದವರು ನಗಲಿಲ್ಲ. ಒಂದು ಮೊಳ ತಾಮ್ರದ ಪೈಪನ್ನು ಕೈಗೆ ಕೊಟ್ಟು, "ಬಗ್ಸು ನೋಡನ" ಅಂದರು. ಬಗ್ಗಿಸಿದೆ. ಪೈಪು ತಿರುವಿನಲ್ಲಿ ಚಪ್ಪಟೆಯಾಗಿ ಹೋಯಿತು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಾಳೆ ಒಂಬತ್ತಕ್ಕೆ ಬಾರವ್ವ" ಅಂದರು.

ಊರಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ನಾನೂ ಅಣ್ಣ ಎಂದೇ ಕರೆದೆ. ಐವತ್ತು ದಾಟಿದ ವಯಸ್ಸು, ಯಾವಾಗಲೂ ಅರ್ಧ ತೋಳಿನ ಬಿಳಿ ಶರ್ಟು, ಅದರ ಜೇಬಿನಲ್ಲಿ ಒಂದು ಟೆಸ್ಟರು. ನಮ್ಮಪ್ಪ ಪವರ್‌ಲೂಮಿನ ಸದ್ದಿನಲ್ಲಿ ಕೆಲಸ ಮಾಡಿ ಕಿವಿ ಮಂದವಾದವರು. ಮಗಳ ಕಿವಿಯಾದರೂ ಉಳಿಯಲಿ ಎಂದು ನನ್ನನ್ನು ಐಟಿಐಗೆ ಸೇರಿಸಿದ್ದರು. ಎಲೆಕ್ಟ್ರಾನಿಕ್ಸ್ ಸೀಟು ತುಂಬಿಹೋಗಿ ರೆಫ್ರಿಜರೇಶನ್ ಮಾತ್ರ ಉಳಿದಿತ್ತು. ಹಾಗೆ ಯಾರೂ ಆರಿಸಿಕೊಳ್ಳದೆ ಸಿಕ್ಕ ಕೆಲಸವನ್ನು ನಾನು ಪ್ರೀತಿಸುವಂತೆ ಮಾಡಿದವರು ಅಣ್ಣ. ಈ ಮಾತನ್ನು ಮೊದಲೇ ಬರೆದುಬಿಡಬೇಕು. ಮುಂದೆ ಬರೆಯಲಿರುವುದನ್ನು ಓದಿದವರಿಗೆ ಇದು ಸುಳ್ಳೆನಿಸಬಹುದು, ಆದರೆ ಇದೂ ನಿಜ.

ಬೆಸುಗೆ ಹಾಕುವುದನ್ನು ಅವರು ನನಗೆ ಆರು ತಿಂಗಳು ಕಲಿಸಿದರು. ತಾಮ್ರ ಯಾವ ಕೆಂಪಿಗೆ ಬಂದಾಗ ಬೆಸುಗೆಯ ಕಡ್ಡಿ ಮುಟ್ಟಿಸಬೇಕು, ಜ್ವಾಲೆಯನ್ನು ಎಲ್ಲಿ ನಿಲ್ಲಿಸದೆ ಆಡಿಸುತ್ತಿರಬೇಕು, ಹತ್ತಿರದಲ್ಲಿ ವಾಲ್ವ್ ಇದ್ದರೆ ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಮತ್ತೆ ಮತ್ತೆ ನೀರು ಚಿಮುಕಿಸುತ್ತಿರಬೇಕು ಎಂಬುದನ್ನೆಲ್ಲ ಬಾಯಲ್ಲಿ ಹೇಳಿದ್ದು ಕಡಿಮೆ, ಕೈ ಹಿಡಿದು ತೋರಿಸಿದ್ದೇ ಹೆಚ್ಚು. ಟೇಪು ಸುತ್ತುವಾಗ ಕೊನೆಯಲ್ಲಿ ಅದರ ತುದಿಯನ್ನು ಒಂದು ಮಡಿಕೆ ಒಳಕ್ಕೆ ಮಡಚಿ ಅಂಟಿಸುತ್ತಿದ್ದರು. "ನಾಳೆ ಬಿಚ್ಚೋರಿಗೆ ಉಗುರು ಹೋಗಬಾರ್ದು" ಎನ್ನುತ್ತಿದ್ದರು. ಬೇರೆ ಯಾರೂ ಹಾಗೆ ಮಾಡುವುದನ್ನು ನಾನು ನೋಡಿಲ್ಲ.

ನಮ್ಮ ತಾಲ್ಲೂಕಿನದೇ ಮಧುರೆ ಕಡೆಯ ಒಂದು ಗುಲಾಬಿ ತೋಟದಲ್ಲಿ ಹೂವಿಡುವ ತಂಪು ಕೋಣೆ ಕೆಟ್ಟಿತ್ತು. ನಾನು ಹೋದವಳೇ ಪ್ರೆಶರ್ ನೋಡುವ ಗೇಜು ಹಾಕಲು ಹೊರಟೆ. ಅಣ್ಣ ಕೈ ತಡೆದರು.

"ಗೇಜ್ ಆಮೇಲೆ. ಐಸ್ ಎಲ್ಲಿ ಕಟ್ಟೈತೆ ಅದನ್ನ ನೋಡು ಮೊದ್ಲು."

ಕಾಯಿಲ್ ಎಂದರೆ ತೆಳ್ಳನೆಯ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಹಾವಿನಂತೆ ಸುತ್ತಿಕೊಂಡು ಹೋಗುವ ತಾಮ್ರದ ಪೈಪು. ಅದರೊಳಗೆ ಗ್ಯಾಸ್ ತಣ್ಣಗೆ ಹರಿಯುತ್ತದೆ. ಗ್ಯಾಸ್ ಕಡಿಮೆಯಾಗಿದ್ದರೆ, ಅದು ಒಳಬರುವ ಕಡೆಯ ಒಂದೆರಡು ಸಾಲಿನ ಮೇಲೆ ಮಾತ್ರ ಐಸ್ ಕಟ್ಟುತ್ತದೆ, ಉಳಿದ ಭಾಗ ಒಣಗಿರುತ್ತದೆ. ಗ್ಯಾಸ್ ಸರಿಯಾಗಿದ್ದು ಬೇರೆ ಏನೋ ಕೆಟ್ಟಿದ್ದರೆ, ಮೇಲಿಂದ ಕೆಳಗಿನವರೆಗೆ ಸುಣ್ಣ ಬಳಿದಂತೆ ಒಂದೇ ಸಮನೆ ಬಿಳಿಯಾಗುತ್ತದೆ. ಇದನ್ನು ಅಣ್ಣ ಅವತ್ತು ಕಾಯಿಲ್ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡೆ.

ಅವರ ಹತ್ತಿರ ಸೇರಿ ನಾಲ್ಕನೆಯ ವರ್ಷಕ್ಕೆ ಛತ್ರದ ಕೆಲಸ ಬಂತು. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ, ದೇವಸ್ಥಾನ ಇನ್ನೂ ಸ್ವಲ್ಪ ದೂರವಿರುವಂತೆ, ಒಬ್ಬ ಹೆಂಗಸು ನಡೆಸುವ ಖಾಸಗಿ ಛತ್ರವದು. ಎಲ್ಲರೂ ಅವರನ್ನು ಛತ್ರದಮ್ಮ ಎನ್ನುತ್ತಿದ್ದರು. ಹಿಂದಿನ ದಿನ ಬಂದು ತಂಗಿ ಬೆಳಗಿನ ಜಾವ ಸ್ನಾನ ಮಾಡಿ ದರ್ಶನಕ್ಕೆ ಹೋಗುವವರೇ ಅಲ್ಲಿ ಹೆಚ್ಚು. ಕೈಗೂಸಿನ ಮುಡಿ ಕೊಡಿಸಲು ಬಂದವರು, ನಾಗರಕಲ್ಲು ಪ್ರತಿಷ್ಠೆ ಮಾಡಿಸುವವರು, ಹೀಗೆ. ನಾಲ್ಕೂವರೆಗೆಲ್ಲ ಬಿಸಿನೀರು ಬೇಕು. ಅಲ್ಲಿಯವರೆಗೆ ಸೌದೆ ಉರಿಸುತ್ತಿದ್ದರು. ಸೌದೆ ಸಿಗುವುದೂ ಕಷ್ಟ, ಹೊಗೆಯಿಂದ ಗೋಡೆಯೆಲ್ಲ ಕಪ್ಪು. ಅದಕ್ಕೇ ಹೀಟ್ ಪಂಪ್ ಹಾಕಿಸಲು ಮನಸ್ಸು ಮಾಡಿದ್ದರು.

ಛತ್ರದಮ್ಮನಿಗೆ ಅದನ್ನು ಅರ್ಥ ಮಾಡಿಸುವ ಕೆಲಸ ನನಗೆ ಬಿತ್ತು. "ಫ್ರಿಜ್ಜಿನ ಹಿಂಭಾಗ ಬಿಸಿ ಇರುತ್ತಲ್ಲಮ್ಮ, ಅದೇ ಇದು. ಹೊರಗಿನ ಗಾಳಿಯಿಂದ ಬಿಸಿ ಎಳ್ಕೊಂಡು ನೀರಿಗೆ ಹಾಕುತ್ತೆ," ಎಂದೆ.

"ಚಳಿಗಾಲದಲ್ಲಿ ಗಾಳೀಲಿ ಎಲ್ಲಿಂದ ಬರ್ಬೇಕು ಬಿಸಿ?" ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ತಣ್ಣನೆಯ ಗಾಳಿಯಲ್ಲೂ ಬಿಸಿ ಇರುತ್ತದೆ. ಅದನ್ನು ಎಳೆಯಲು ಕಾಯಿಲ್ ಗಾಳಿಗಿಂತ ಇನ್ನೂ ತಣ್ಣಗಾಗಬೇಕು, ಆಗ ಮಂಜಿನ ತೇವ ಅದರ ಮೇಲೆ ಕೂತು ಐಸ್ ಆಗುತ್ತದೆ, ಅದನ್ನು ಮೆಷಿನ್ ತಾನೇ ಕರಗಿಸಿಕೊಳ್ಳುತ್ತದೆ ಎಂದು ಹೇಳಿದೆ. ಕಾಯಿಲ್‌ಗೆ ಕಟ್ಟಿದ ಒಂದು ಸೆನ್ಸರ್ ಐಸ್ ಕಟ್ಟಿರುವ ಸುದ್ದಿ ಕೊಡುತ್ತದೆ, ಒಂದು ವಾಲ್ವ್ ತಿರುಗಿ ಬಿಸಿ ಗ್ಯಾಸನ್ನು ಕಾಯಿಲ್‌ಗೇ ಕಳಿಸುತ್ತದೆ, ಹತ್ತು ನಿಮಿಷದೊಳಗೆ ಐಸ್ ನೀರಾಗಿ ಇಳಿದುಹೋಗುತ್ತದೆ. ಛತ್ರದಮ್ಮ ತಲೆಯಾಡಿಸಿದರು. ನಂಬಿದರೋ ಬಿಟ್ಟರೋ, ಒಪ್ಪಿದರು.

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮೆಷಿನನ್ನು ಹಗ್ಗ ಕಟ್ಟಿ ತಾರಸಿಗೆ ಎಳೆಸಿದೆವು. ಮೇಲೆ ಬರುವಾಗ ಅದು ಅಂಚುಗೋಡೆಗೆ ಬಡಿಯಿತು. ತೆಗೆದು ನೋಡಿದರೆ ಒಳಗೆ ಒಂದು ಪೈಪು ಸೀಳಿತ್ತು. ಒಂದು ಕಡೆ ಆ ತಿರುಗುವ ವಾಲ್ವ್‌ಗೆ, ಇನ್ನೊಂದು ಕಡೆ ಕಾಯಿಲ್‌ಗೆ ಸೇರುವ ಪೈಪು. ಹೊಸ ತುಂಡು ಹಾಕಿ ಎರಡೂ ತುದಿಗೆ ಬೆಸುಗೆ ಹಾಕಬೇಕಾಯಿತು. "ವಾಲ್ವ್ ಕಡೇದು ನಾನ್ ಮಾಡ್ತೀನಿ, ಅದು ನಾಜೂಕು. ಕಾಯಿಲ್ ಕಡೇದು ನೀನ್ ಮಾಡು," ಅಂದರು ಅಣ್ಣ. ನನ್ನದು ಮುಗಿದ ಮೇಲೆ ಅವರದು. ಅಷ್ಟರಲ್ಲಿ ನನ್ನನ್ನು ಕೆಳಗೆ ನೀರಿನ ಪೈಪಿನ ಕೆಲಸ ನೋಡಲು ಕಳಿಸಿದರು. ನಾನು ಮತ್ತೆ ಮೇಲೆ ಬರುವ ಹೊತ್ತಿಗೆ ವಾಲ್ವ್‌ಗೆ ಕಪ್ಪು ಫೋಮ್ ಸುತ್ತಿ, ಟೇಪು ಹಾಕಿ, ಬೋರ್ಡಿನ ಮುಚ್ಚಳವನ್ನೂ ಬಿಗಿದಾಗಿತ್ತು. ಗ್ಯಾಸ್ ತುಂಬಿ ಮೆಷಿನ್ ಶುರು ಮಾಡಿದೆವು. ಎರಡು ತಾಸಿಗೆ ಟ್ಯಾಂಕಿನ ನೀರು ಕೈ ಇಡಲಾಗದಷ್ಟು ಕಾದಿತ್ತು. ಛತ್ರದಮ್ಮ ನಮ್ಮಿಬ್ಬರಿಗೂ ಪಾಯಸದ ಊಟ ಹಾಕಿಸಿದರು.

ಏಳೆಂಟು ತಿಂಗಳು ಏನೂ ತೊಂದರೆಯಾಗಲಿಲ್ಲ.

ಡಿಸೆಂಬರಿನಲ್ಲಿ ಒಂದು ಮುಂಜಾನೆ ಐದು ಗಂಟೆಗೆ ಛತ್ರದಮ್ಮನ ಫೋನ್ ಬಂತು. "ನೀರು ಬಿಸಿ ಆಗ್ತಿಲ್ಲ. ಜನ ಬಕೆಟ್ ಹಿಡ್ಕೊಂಡು ನಿಂತವ್ರೆ. ಬಾ ಬೇಗ." ಸ್ಕೂಟರ್ ಹತ್ತಿದೆ. ಘಾಟಿ ಕಡೆ ಗುಡ್ಡಗಳ ನಡುವೆ ಇಳಿಯುತ್ತಿದ್ದಂತೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿಗೆ ಬರುವ ಗಾಡಿಯ ಲೈಟು ಹತ್ತಿರ ಬಂದಮೇಲಷ್ಟೇ ಕಾಣುತ್ತಿತ್ತು. ತಾರಸಿ ಹತ್ತಿ ಟಾರ್ಚ್ ಬಿಟ್ಟೆ. ಕಾಯಿಲ್ ಪೂರ್ತಿ ಬೆಳ್ಳಗಾಗಿತ್ತು. ರೆಕ್ಕೆಗಳ ನಡುವೆ ಸೂಜಿ ತೂರಿಸಲೂ ಜಾಗವಿರಲಿಲ್ಲ. ಫ್ಯಾನ್ ಸುಮ್ಮನೆ ಕೂಗುತ್ತಿತ್ತು, ಗಾಳಿ ಎಳೆಯುತ್ತಿರಲಿಲ್ಲ. ಕೆಳಗೆ ಒಂದು ಮಗು ಅಳುತ್ತಿತ್ತು. ಅದರ ತಾಯಿ ಛತ್ರದ ಅಡುಗೆಮನೆಗೆ ಹೋಗಿ ಒಂದು ಪಾತ್ರೆ ನೀರು ಕಾಯಿಸಿಕೊಡಿ ಎಂದು ಬೇಡುತ್ತಿದ್ದಳು.

ಮೆಷಿನ್ ನಿಲ್ಲಿಸಿ, ಕೊಡದಲ್ಲಿ ನೀರು ಹೊತ್ತು ಕಾಯಿಲ್ ಮೇಲೆ ಸುರಿದೆ. ನಲ್ಲಿಯ ತಣ್ಣೀರೂ ಐಸಿಗೆ ಬಿಸಿಯೇ. ಅರ್ಧ ಗಂಟೆಯಲ್ಲಿ ಕರಗಿತು. ಮತ್ತೆ ಮೆಷಿನ್ ಹಾಕಿದೆ. ಮಾರನೆಯ ದಿನವೂ ಅದೇ. ಒಂದು ವಾರ ದಿನಾ ನಾಲ್ಕೂವರೆಗೆ ನಾನೇ ಅಲ್ಲಿರುತ್ತಿದ್ದೆ. ಕೊಡ ಹೊತ್ತು ಭುಜದ ಸಂದು ಹಿಡಿದುಕೊಂಡಿತು. ಒದ್ದೆ ಸೀರೆಯುಟ್ಟ ಮುದುಕಿಯೊಬ್ಬರು ಮೆಟ್ಟಿಲಲ್ಲಿ ನನ್ನನ್ನು ನೋಡಿ, "ನೀನೇನಾ ಈ ಮೆಷಿನ್ ಹಾಕ್ದೋಳು?" ಎಂದು ಕೇಳಿದರು. ಹೌದೆಂದೆ. ಅವರ ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು. ಸೆರಗು ಹಿಂಡಿಕೊಂಡು ಇಳಿದುಹೋದರು.

ಅಣ್ಣನಿಗೆ ಮೊದಲ ದಿನವೇ ಹೇಳಿದ್ದೆ. "ಗ್ಯಾಸ್ ಶಾರ್ಟ್ ಇರ್ಬೇಕು," ಅಂದರು.

"ಪೂರ್ತಿ ಕಾಯಿಲ್ ಮೇಲೆ ಕಟ್ಟಿದೆಯಲ್ಲಣ್ಣ, ಒಂದೇ ಸಮ."

"ಹೀಟ್ ಪಂಪ್ ಬೇರೆ, ಫ್ರಿಜ್ಜು ಬೇರೆ ಕಣವ್ವ. ನಿನ್ನ ಬೆಸುಗೆ ಲೀಕ್ ಆಗಿರ್ಬೇಕು. ಬತ್ತೀನಿ ನೋಡನ."

ವಾರದ ಕೊನೆಗೆ ಬಂದರು. ಒಂಬತ್ತು ಗಂಟೆಗೆ ಛತ್ರಕ್ಕೆ ಬಾ ಎಂದು ನನಗೆ ಹೇಳಿದ್ದರು. ನಾನು ಹೋದಾಗ ಅವರ ಗಾಡಿ ಆಗಲೇ ಅಲ್ಲಿತ್ತು, ಅವರು ತಾರಸಿಯಿಂದ ಇಳಿದು ಬಂದು ಕಾಫಿ ಕುಡಿಯುತ್ತಿದ್ದರು. ಆಮೇಲೆ ಛತ್ರದಮ್ಮನನ್ನೂ ಕರೆದುಕೊಂಡು ಮೂವರೂ ಮೇಲೆ ಹೋದೆವು. ಅಣ್ಣ ಗೇಜು ಹಾಕಿದರು. ಮುಳ್ಳು ಇರಬೇಕಾದ ಜಾಗಕ್ಕಿಂತ ಬಹಳ ಕೆಳಗಿತ್ತು.

"ನೋಡಮ್ಮಾ, ಗ್ಯಾಸೇ ಇಲ್ಲ," ಎಂದು ಛತ್ರದಮ್ಮನಿಗೆ ತೋರಿಸಿದರು. ಆಮೇಲೆ ಬಾಗಿ ನನ್ನ ಬೆಸುಗೆಯ ಮೇಲೆ ಬೆರಳಿಟ್ಟರು. "ಇಲ್ಲಿ. ಇದು ಈ ಹುಡುಗಿ ಹಾಕಿದ್ದು. ಕೈ ಇನ್ನೂ ಕೂತಿಲ್ಲ ಅವ್ಳಿಗೆ. ನಂದೂ ತಪ್ಪೈತೆ, ನಾನು ನಂಬಿ ಬಿಟ್ಬುಟ್ಟೆ."

ಛತ್ರದಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬರೋ ಜನ ನನ್ ಮುಖಕ್ಕೆ ಉಗೀತಾವ್ರೆ. ಕಲಿಯೋಕೆ ನನ್ನ ಛತ್ರಾನೇ ಬೇಕಿತ್ತಾ ನಿಂಗೆ?"

ನಾನು ಕ್ಷಮೆ ಕೇಳಿದೆ. ಕೈ ಮುಗಿದು ಕೇಳಿದೆ. ಅಣ್ಣ ನನ್ನ ಬೆನ್ನು ತಟ್ಟಿ, "ಇರ್ಲಿ ಬಿಡವ್ವ, ಎಲ್ರಿಗೂ ಆಗತ್ತೆ" ಅಂದರು. ಆ ಕೈ ಬೆನ್ನ ಮೇಲೆ ಬಿದ್ದಾಗ ನನಗೆ ಅಳು ತಡೆಯಲಾಗಲಿಲ್ಲ. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಇವತ್ತಿಗೂ ನನ್ನನ್ನು ಹೆಚ್ಚು ಸುಡುವುದು ಛತ್ರದಮ್ಮನ ಮಾತಲ್ಲ, ಆ ತಟ್ಟಿದ ಕೈಗೆ ನಾನು ಋಣಿಯಾಗಿದ್ದದ್ದು.

ಅವರು ಆ ಜಾಗಕ್ಕೆ ಮೇಲೊಂದಿಷ್ಟು ಬೆಸುಗೆ ಹಾಕಿ ಗ್ಯಾಸ್ ತುಂಬಿದರು. ಹೊರಡುವಾಗ ಛತ್ರದಮ್ಮನಿಗೆ, "ಚಳಿಗಾಲದಲ್ಲಿ ಬೆಳಗಿನ ಜಾವ ಇದನ್ನ ಓಡಿಸ್ಬೇಡಿ. ಒಂಬತ್ತಾದ್ಮೇಲೆ ಹಾಕಿ. ಬೆಳಿಗ್ಗೆಗೆ ಸೌದೆನೇ ಉರಿಸ್ಕಳಿ ಎರಡು ತಿಂಗ್ಳು," ಅಂದರು. ಹೊಸ ಮೆಷಿನ್ ತಾರಸಿಯಲ್ಲಿ ನಿಂತಿತ್ತು, ಕೆಳಗೆ ಮತ್ತೆ ಹೊಗೆ ಎದ್ದಿತು.

ಮಾತು ಊರಲ್ಲಿ ಹರಡಿತು. ಮಧುರೆಯ ಗುಲಾಬಿ ತೋಟದವರು ತಮ್ಮ ಎರಡನೆಯ ತಂಪು ಕೋಣೆಯ ಕೆಲಸಕ್ಕೆ ನನ್ನನ್ನೇ ಕಳಿಸಿ ಎಂದು ಕೇಳಿದ್ದವರು, ಈಗ ಅಣ್ಣನೇ ಬರಲಿ ಎಂದರು. ಅಣ್ಣ ನನಗೆ ಏಸಿಯ ಜಾಲರಿ ತೊಳೆಯುವ ಕೆಲಸ ಕೊಡತೊಡಗಿದರು. ನಾನು ತೊಳೆದೆ. ಮನೆಗೆ ಬಂದು ಹಿತ್ತಿಲಲ್ಲಿ ಕೂತು ಹಳೆಯ ತಾಮ್ರದ ತುಂಡುಗಳಿಗೆ ಬೆಸುಗೆ ಹಾಕಿ, ಗರಗಸದಲ್ಲಿ ಸೀಳಿ ಒಳಗೆ ನೋಡುತ್ತಿದ್ದೆ, ಎಲ್ಲಿ ಕಡ್ಡಿ ತುಂಬಿಲ್ಲ ಎಂದು. ಹತ್ತು ಸೀಳಿದರೆ ಹತ್ತೂ ತುಂಬಿರುತ್ತಿದ್ದವು. ನಮ್ಮಮ್ಮ ಬಾಗಿಲಲ್ಲಿ ನಿಂತು, "ಬಿಟ್ಬಿಡೇ, ಬಟ್ಟೆ ಫ್ಯಾಕ್ಟರೀಲಿ ಕರೀತಾವ್ರಂತೆ" ಎಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಐಸಿನ ಚಿತ್ರ ಬಾಯಿಪಾಠವಿದ್ದರೂ ನಾನು ಅಣ್ಣನ ಮಾತನ್ನೇ ನಂಬಿದ್ದೆ. ಆದರೆ ಜನವರಿಯ ಒಂದು ದಿನ ಯಾರದೋ ಮನೆಯ ಫ್ರಿಜ್ಜು ತೆರೆದಾಗ ಒಂದು ಮೂಲೆಯಲ್ಲಿ ಮಾತ್ರ ಐಸ್ ಕಟ್ಟಿತ್ತು. ಮನೆಯಾಕೆಗೆ ನಾನು, "ಗ್ಯಾಸ್ ಕಡಿಮೆಯಾಗಿದೆ ಅಮ್ಮ," ಎಂದೆ. ಹೇಳಿದ ಮೇಲೆ ಅಲ್ಲೇ ನಿಂತುಬಿಟ್ಟೆ. ಛತ್ರದ್ದು ಹೀಗಿರಲಿಲ್ಲ. ಒಂದು ವಾರ ನನ್ನ ಕೈಯಾರೆ ನೀರು ಸುರಿದು ಕರಗಿಸಿದ ಐಸು ಅದು, ಒಂದು ದಿನವೂ ಹೀಗಿರಲಿಲ್ಲ.

ಮಾರನೆಯ ದಿನ ಅಣ್ಣನಿಗೆ ಹೇಳದೆ ಛತ್ರಕ್ಕೆ ಹೋದೆ. "ಮತ್ತೆ ಏನ್ ಕೆಡ್ಸೋಕ್ ಬಂದೆ?" ಎಂದರು ಛತ್ರದಮ್ಮ. ನಾಳೆ ಬೆಳಗಿನ ಜಾವ ಒಂದೇ ಒಂದು ಸಲ ಮೆಷಿನ್ ಓಡಿಸಿ ನೋಡಬೇಕು, ನನ್ನ ತಪ್ಪಾದರೆ ನಾನೇ ಸರಿ ಮಾಡಿಕೊಡುತ್ತೇನೆ ಎಂದು ಕೇಳಿಕೊಂಡೆ. ಕೊನೆಗೆ ಅವರು, "ಒಂದು ದಿನ ಅಷ್ಟೇ," ಎಂದರು.

ನಾಲ್ಕೂವರೆಗೆ ಮೆಷಿನ್ ಹಾಕಿ ಎದುರಿಗೆ ಒಂದು ಗೋಣಿಚೀಲ ಹಾಸಿಕೊಂಡು ಕೂತೆ. ಮೊದಲು ಕಾಯಿಲ್ ಮೇಲೆ ಇಬ್ಬನಿ ಕೂತಿತು. ಆಮೇಲೆ ಆ ಹನಿಗಳು ಮಂಕಾದವು. ಕೆಳಗಿನ ಸಾಲಿನಿಂದ ಶುರುವಾಗಿ ಮುಕ್ಕಾಲು ಗಂಟೆಯಲ್ಲಿ ಇಡೀ ಕಾಯಿಲ್ ಮೇಲಿಂದ ಕೆಳಗಿನವರೆಗೆ ಬಿಳಿಯಾಯಿತು. ಗ್ಯಾಸ್ ಪೂರ್ತಿ ಇತ್ತು, ಗೇಜು ಹಾಕಿ ನೋಡಿದೆ. ಮೆಷಿನ್ ಮಾತ್ರ ಐಸ್ ಕಟ್ಟಿರುವುದೇ ಗೊತ್ತಿಲ್ಲದಂತೆ ಓಡುತ್ತಲೇ ಇತ್ತು. ಒಂದು ಸಲವೂ ಕರಗಿಸಿಕೊಳ್ಳಲು ನಿಲ್ಲಲಿಲ್ಲ.

ಬೆಳಕಾದ ಮೇಲೆ ಮೆಷಿನ್ ನಿಲ್ಲಿಸಿ ಬೋರ್ಡಿನ ಮುಚ್ಚಳ ತೆಗೆದೆ. ಕಾಯಿಲ್‌ನಿಂದ ಬರುವ ಸೆನ್ಸರಿನ ವೈರನ್ನು ಕತ್ತರಿಸಿ ಪಕ್ಕಕ್ಕೆ ಕಟ್ಟಲಾಗಿತ್ತು. ಅದು ಸೇರಬೇಕಾದ ಜಾಗದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ರೆಸಿಸ್ಟರ್. ಅದನ್ನಿಟ್ಟರೆ ಬೋರ್ಡಿಗೆ ಕಾಯಿಲ್ ಯಾವಾಗಲೂ ಬೆಚ್ಚಗಿರುವಂತೆಯೇ ಕಾಣುತ್ತದೆ. ಐಸ್ ಕಟ್ಟಿದರೂ ಅದಕ್ಕೆ ತಿಳಿಯುವುದಿಲ್ಲ. ರೆಸಿಸ್ಟರಿಗೆ ಕಪ್ಪು ಟೇಪು ಸುತ್ತಿತ್ತು. ಟೇಪಿನ ತುದಿ ಒಂದು ಮಡಿಕೆ ಒಳಕ್ಕೆ ಮಡಚಿತ್ತು.

ನಾನು ಟೇಪು ಬಿಚ್ಚಲಿಲ್ಲ, ರೆಸಿಸ್ಟರನ್ನು ಹಾಗೇ ಕಿತ್ತು ಚೀಲಕ್ಕೆ ಹಾಕಿಕೊಂಡೆ. ಸ್ವಲ್ಪ ಹೊತ್ತು ಗೋಣಿಚೀಲದ ಮೇಲೆ ಮತ್ತೆ ಕೂತೆ. ಕೆಳಗಿಂದ ಸೌದೆಯ ಹೊಗೆ ಬರುತ್ತಿತ್ತು. ಆಮೇಲೆ ಎದ್ದು ವಾಲ್ವ್ ಮೇಲಿನ ಫೋಮ್ ತೆಗೆದೆ. ಅಲ್ಲೂ ಅದೇ ಮಡಿಕೆ. ಒಳಗೆ ವಾಲ್ವ್‌ನ ಹೊಟ್ಟೆ ಸುಟ್ಟು ಕಪ್ಪಾಗಿತ್ತು. ಬೆಸುಗೆ ಹಾಕಬೇಕಾದ ಕುತ್ತಿಗೆಯನ್ನು ಬಿಟ್ಟು ಜ್ವಾಲೆ ಮೈಮೇಲೆ ಹರಿದಾಡಿತ್ತು. ಒಳಗಿರುವ ಜಾರುವ ಭಾಗ ಪ್ಲಾಸ್ಟಿಕ್‌ನಂಥದ್ದು, ಆ ಕಾವಿಗೆ ಕರಗಿ ಅಂಟಿಕೊಂಡಿರುತ್ತದೆ. ಇನ್ನು ಅದು ತಿರುಗುವುದಿಲ್ಲ. ಕರಗಿಸುವ ಹೊತ್ತು ಬಂದರೆ ಮೆಷಿನ್ ತಪ್ಪು ತೋರಿಸಿ ನಿಲ್ಲುತ್ತದೆ. ಹಾಗೆ ನಿಲ್ಲಬಾರದೆಂದು ಅದರ ಕಣ್ಣನ್ನೇ ಕಟ್ಟಿದ್ದರು. ಏಪ್ರಿಲ್ ಬಿಸಿಲಿನಲ್ಲಿ, ಇಲ್ಲೆಲ್ಲಿ ಐಸ್ ಕಟ್ಟಬೇಕು ಎಂದುಕೊಂಡಿರಬೇಕು.

ಕೊನೆಗೆ ನನ್ನ ಬೆಸುಗೆಯ ಮೇಲೆ ಅವರು ಹಾಕಿದ್ದ ಬೆಸುಗೆಯನ್ನು ನೋಡಿದೆ. ಹಳೆಯದರ ಮೇಲೆ ಸುಮ್ಮನೆ ಒಂದು ಗಂಟು ಕೂತಿತ್ತು. ಲೀಕ್ ಆದ ಜಾಗದಲ್ಲಿ ಗ್ಯಾಸಿನ ಜೊತೆ ಎಣ್ಣೆಯೂ ಒಸರಿ ಸುತ್ತ ಧೂಳು ಹಿಡಿದಿರುತ್ತದೆ. ನನ್ನ ಬೆಸುಗೆಯ ಸುತ್ತ ಪೈಪು ಹೊಸದರಂತೆ ಒಣಗಿ ಹೊಳೆಯುತ್ತಿತ್ತು. ಎಣ್ಣೆ ಚೆಲ್ಲಿದ್ದದ್ದು ಗ್ಯಾಸ್ ತುಂಬುವ ಬಾಯಿಯ ಕೆಳಗೆ. ಅಲ್ಲಿಂದ ಯಾರೋ ಗ್ಯಾಸನ್ನು ಜೋರಾಗಿ ಹೊರಗೆ ಬಿಟ್ಟಿದ್ದರು. ಆ ದಿನ ನನಗಿಂತ ಮೊದಲು ತಾರಸಿ ಹತ್ತಿ ಇಳಿದು ಕಾಫಿ ಕುಡಿಯುತ್ತಿದ್ದವರು ಒಬ್ಬರೇ.

ಮಧ್ಯಾಹ್ನ ಅಂಗಡಿಗೆ ಹೋದೆ. ಅಣ್ಣ ಒಬ್ಬರೇ ಇದ್ದರು, ಒಂದು ಫ್ರಿಜ್ಜಿನ ಬಾಗಿಲಿಗೆ ರಬ್ಬರ್ ಕೂರಿಸುತ್ತಿದ್ದರು. ರೆಸಿಸ್ಟರನ್ನು ಟೇಪಿನ ಸಮೇತ ಅವರ ಮೇಜಿನ ಮೇಲಿಟ್ಟೆ. ಅದನ್ನು ನೋಡಲು ಅವರು ಹತ್ತಿರಕ್ಕೆ ಬಾಗಬೇಕಾಯಿತು.

"ಯಾವಾಗ ಹೋಗಿದ್ದೆ?"

"ಬೆಳಿಗ್ಗೆ."

"ನನ್ನ ಕೇಳ್ದೆ ಹೋದ್ಯಾ?" ಅವರ ದನಿ ಏರಿತು. "ನನ್ ಕಸ್ಟಮರ್ ಹತ್ರ ನನ್ ಹಿಂದೆ ಹೋಗ್ತೀಯಾ ನೀನು?"

ಈ ಮಾತು ಕೇಳಿ ನನಗೆ ನಗು ಬಂದುಬಿಟ್ಟಿತು. ಒಳ್ಳೆಯ ನಗುವಲ್ಲ. "ವಾಲ್ವ್ ಸುಟ್ಟಿದೆ ಅಣ್ಣ. ಒದ್ದೆ ಬಟ್ಟೆ ಸುತ್ತಿರ್ಲಿಲ್ವಾ?"

"ಸುತ್ತಿದ್ದೆ." ರಬ್ಬರನ್ನು ಕೆಳಗಿಟ್ಟರು. ಮತ್ತೆ ಮಾತಾಡಿದಾಗ ದನಿ ಇಳಿದಿತ್ತು. "ಕಾಣ್ಲಿಲ್ಲ ಕಣವ್ವ. ಜ್ವಾಲೆ ಎಲ್ಲಿ ಮುಟ್ತಾ ಐತೆ ಅಂತ ಕಾಣ್ಲಿಲ್ಲ. ಎಡಗಣ್ಣು ಒಂದ್ ವರ್ಷದಿಂದ ಮಬ್ಬು. ಈಗ ಬಲಗಣ್ಣೂ ಹಂಗೇ."

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರ್ಸಿದೀನಿ. ಬರೀ ಪೊರೆ ಅಲ್ವಂತೆ ಅದು. ಹೋದದ್ದು ವಾಪಸ್ ಬರಲ್ವಂತೆ."

ನನಗೆ ಮರುಕವಾಗಲಿಲ್ಲ ಎಂದರೆ ಸುಳ್ಳು. ಆದರೆ ಮರುಕಕ್ಕಿಂತ ಮೊದಲು ಕೇಳಬೇಕಾದದ್ದು ಒಂದಿತ್ತು. "ಗ್ಯಾಸು?"

"ಬಿಟ್ಟೆ," ಅಂದರು.

"ನನ್ ಹೆಸ್ರು ಯಾಕಣ್ಣ?"

"ನಿಂಗೆ ಇನ್ನೂ ಮೂವತ್ತು ವರ್ಷ ಐತೆ. ಒಂದು ಕೆಟ್ಟೆಸ್ರು ಬಂದ್ರೆ ತಡ್ಕತೀಯ, ಮತ್ತೆ ಸಂಪಾದಿಸ್ಕತೀಯ. ನಂಗೆ ಕಣ್ ಕಾಣ್ಸಲ್ಲ ಅಂತ ಊರಿಗೆ ಗೊತ್ತಾದ್ರೆ ನಾಳೆಯಿಂದ ಶಟರ್ ಎಳೀಬೇಕು."

"ನಂಗೆ ಹೇಳಿದ್ರೆ ಎಲ್ಲಾ ಬೆಸುಗೆ ನಾನೇ ಮಾಡ್ತಿದ್ನಲ್ಲ. ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಮಾಡ್ತಿದ್ದೆ, ಗೊತ್ತು," ಅಂದರು. "ಅದನ್ನೇ ನಿನ್ನತ್ರ ಹೇಳೋಕಾಗ್ಲಿಲ್ಲ."

ಅವರು ಕೇಳಿದ್ದರೆ ಆ ತಪ್ಪನ್ನು ನಾನೇ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದೆನೋ ಏನೋ. ಅಷ್ಟು ನಂಬಿಕೆ ಇತ್ತು. ಕೇಳದೆಯೇ ನನ್ನ ತಲೆಗೆ ಕಟ್ಟಿದರು; ಐಸ್ ನೋಡಿದ ಕೂಡಲೇ ನಿಜ ತಿಳಿಯುವ ಹಾಗೆ ನನ್ನನ್ನು ತಯಾರು ಮಾಡಿದವರು ಅವರೇ. ಆದರೂ ನನ್ನ ಕಣ್ಣಿಗಿಂತ ಅವರ ಮಾತನ್ನೇ ನಾನು ನಂಬುತ್ತೇನೆ ಎಂಬುದು ಅವರಿಗೆ ಖಾತ್ರಿಯಿತ್ತು. ಆ ಖಾತ್ರಿಯನ್ನು ಬಳಸಿಕೊಂಡಿದ್ದರು.

"ಛತ್ರದಮ್ಮನಿಗೆ ನೀವೇ ಹೇಳ್ಬೇಕು," ಎಂದೆ.

ಅವರು ರಬ್ಬರನ್ನು ಮತ್ತೆ ಕೈಗೆತ್ತಿಕೊಂಡರು. ಅದರ ಅಂಚನ್ನು ಬೆರಳಿನಿಂದ ತಡವಿ ಹುಡುಕಿ ಕೂರಿಸತೊಡಗಿದರು. ನಾನು ನಿಂತೇ ಇದ್ದೆ. ನನಗೆಂದೇ ಅವರು ಬೇರೆ ತೆಗೆದಿರಿಸಿದ್ದ ಪೈಪು ಬಗ್ಗಿಸುವ ಸ್ಪ್ರಿಂಗೊಂದು ಗೋಡೆಯ ಮೊಳೆಯಲ್ಲಿತ್ತು. ಅದನ್ನು ಅಲ್ಲೇ ಬಿಟ್ಟು ಹೊರಟೆ.

ಛತ್ರದಮ್ಮನಿಗೆ ಎಲ್ಲವನ್ನೂ ನಾನೇ ಹೇಳಿದೆ. ಕಣ್ಣಿನ ವಿಷಯ ಮಾತ್ರ ಹೇಳಲಿಲ್ಲ. ಯಾಕೆ ಮುಚ್ಚಿಟ್ಟೆನೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಫೋನಿನಲ್ಲಿ ಸುಟ್ಟ ವಾಲ್ವ್‌ನ ಫೋಟೋ ತೋರಿಸಿದೆ, ಕತ್ತರಿಸಿದ ವೈರಿನದು ತೋರಿಸಿದೆ, ನನ್ನ ಬೆಸುಗೆ ಸರಿಯಾಗಿತ್ತು ಎಂದು ಎರಡು ಸಲ ಹೇಳಿದೆ. ಅವರು ಹೂಬತ್ತಿ ಹೊಸೆಯುತ್ತಾ ಕೇಳಿಸಿಕೊಂಡರು.

"ಅವ್ನು ನಿನ್ನ ಮೇಲೆ ಹಾಕ್ದ, ನೀನು ಅವ್ನ ಮೇಲೆ ಹಾಕ್ತಿದೀಯ," ಅಂದರು. "ನಂಗೆ ಅದೆಲ್ಲಾ ಬ್ಯಾಡಮ್ಮ. ಬೆಳಿಗ್ಗೆ ನಾಲ್ಕೂವರೆಗೆ ನೀರು ಕಾಯತ್ತಾ, ಹೇಳು."

"ಕಾಯತ್ತೆ," ಎಂದೆ. ಆ ಒಂದು ಮಾತು ಬಿಟ್ಟರೆ ಅವರಿಗೆ ನನ್ನಿಂದ ಬೇಕಾದದ್ದು ಬೇರೇನೂ ಇರಲಿಲ್ಲ. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ತಯಾರು ಮಾಡಿದ್ದ ಮಾತುಗಳೆಲ್ಲ ಅವರ ಹೂಬತ್ತಿಯ ಪಕ್ಕದಲ್ಲೇ ಬಿದ್ದುಹೋದವು.

ಹೊಸ ವಾಲ್ವ್ ಬೆಂಗಳೂರಿನಿಂದ ತರಿಸಿ, ಹಳೆಯದನ್ನು ಕಿತ್ತು, ಒದ್ದೆ ಬಟ್ಟೆ ಸುತ್ತಿ ಬೆಸುಗೆ ಹಾಕಿದೆ. ಜೀವನದಲ್ಲಿ ಅಷ್ಟು ಹೆದರಿಕೊಂಡು ಜ್ವಾಲೆ ಹಿಡಿದದ್ದು ಅದೊಂದೇ ಸಲ. ಸೆನ್ಸರನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿದೆ. ಮಾರನೆಯ ಮುಂಜಾನೆ ಛತ್ರದಮ್ಮನೂ ಶಾಲು ಹೊದ್ದು ಮೇಲೆ ಬಂದರು. ಐದೂಕಾಲಿಗೆ ಫ್ಯಾನ್ ತಾನಾಗಿ ನಿಂತಿತು. ವಾಲ್ವ್ ಒಳಗಿಂದ ಬುಸ್ಸೆಂದು ಒಂದು ಉಸಿರು ಬಂತು. ಸ್ವಲ್ಪ ಹೊತ್ತಿಗೆ ಕಾಯಿಲ್‌ನಿಂದ ಆವಿ ಏಳತೊಡಗಿತು, ಐಸು ಚೂರುಚೂರಾಗಿ ಕಳಚಿ ತಟ್ಟೆಗೆ ಬಿತ್ತು.

"ಅಯ್ಯೋ, ಹೊಗೆ! ಸುಟ್ಟೋಯ್ತು ನೋಡೇ!" ಎಂದು ಛತ್ರದಮ್ಮ ಮೆಟ್ಟಿಲ ಕಡೆ ಓಡಿದರು. ಕೈ ಹಿಡಿದು ನಿಲ್ಲಿಸಿ, ಅದು ಆವಿ ಎಂದು ತೋರಿಸಿದೆ. ಏಳು ನಿಮಿಷಕ್ಕೆ ಕಾಯಿಲ್ ಒಣಗಿ, ಫ್ಯಾನ್ ಮತ್ತೆ ತಿರುಗಿತು. ಅವರು ಕಾಯಿಲ್ ಮೇಲೆ ಅಂಗೈಯಿಟ್ಟು ನೋಡಿದರು. ಕೆಳಗೆ ಹೋಗಿ ನನಗೆ ಕಾಫಿ ಕಳಿಸಿದರು. ಕ್ಷಮೆ ಕೇಳಲಿಲ್ಲ.

ಅಣ್ಣ ಊರಲ್ಲಿ ನನ್ನ ಬಗ್ಗೆ, ಕಲಿಸಿದ ಕೈಯನ್ನೇ ಕಚ್ಚಿ ಕಸ್ಟಮರನ್ನು ಹೊಡೆದುಕೊಂಡಳು ಎಂದು ಹೇಳಿದರು. ಹಬ್ಬಕ್ಕೆಲ್ಲ ನನಗೆ ಹೋಳಿಗೆ ಕಟ್ಟಿಕೊಡುತ್ತಿದ್ದ ಅವರ ಹೆಂಡತಿ ತರಕಾರಿ ಮಾರ್ಕೆಟ್ಟಿನಲ್ಲಿ ಎದುರಾದರೆ ಪಕ್ಕದ ಸಾಲಿಗೆ ಹೋಗುತ್ತಿದ್ದರು. ನಾನು ಯಾರ ಹತ್ತಿರವೂ ಅವರ ಕಣ್ಣಿನ ಮಾತೆತ್ತಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳದೆ ಇದ್ದದ್ದಕ್ಕೆ ಯಾರೂ ನನ್ನನ್ನು ಹೊಗಳಬೇಕಾಗಿಲ್ಲ. ಅದು ಒಳ್ಳೆಯತನವೋ, ಅವರಿಗಿಂತ ನಾನು ಮೇಲೆಂದು ನನಗೇ ತೋರಿಸಿಕೊಳ್ಳುವ ಹಟವೋ, ಬಿಡಿಸಿ ನೋಡಲು ಹೋಗಿಲ್ಲ.

ಕೆಲಸ ನಿಧಾನವಾಗಿ ಸಿಕ್ಕಿತು. ದೇವನಹಳ್ಳಿ ಕಡೆ ಹೊಸ ಮನೆಗಳು ಏಳುತ್ತಿದ್ದವು, ಅಲ್ಲಿ ನನ್ನ ಕಥೆ ಯಾರಿಗೂ ಗೊತ್ತಿರಲಿಲ್ಲ. ಈಗ ಬೂದಿಗೆರೆಯ ಸುತ್ತಮುತ್ತ ಹತ್ತಾರು ತಾರಸಿಗಳ ಮೇಲೆ ನಾನು ಹಾಕಿದ ಮೆಷಿನ್‌ಗಳಿವೆ.

ಹೋದ ವರ್ಷ ಅಲ್ಲಿ ಒಂದು ಅಪಾರ್ಟ್‌ಮೆಂಟಿನ ಮೇಲೆ ಕೆಲಸ ಮಾಡುತ್ತಿದ್ದಾಗ ಫೋನ್ ಬಂತು. ಅಣ್ಣನ ನಂಬರು. ಎಷ್ಟೋ ವರ್ಷದ ಮೇಲೆ. ಎತ್ತಿದೆ.

"ಏನವ್ವಾ, ಒಂದು ಡೌಟು," ಅಂದರು, ನಿನ್ನೆ ಸಂಜೆ ತಾನೇ ಒಟ್ಟಿಗೆ ಅಂಗಡಿ ಮುಚ್ಚಿದ್ದೆವು ಎನ್ನುವ ಹಾಗೆ. ಒಂದು ಹೊಸ ನಮೂನೆಯ ಮೆಷಿನ್, ಬೋರ್ಡಿನಲ್ಲಿ ಏನೋ ಅಕ್ಷರ ಮಿನುಗುತ್ತಿದೆ, ಅವರಿಗೆ ಓದಿ ಹೇಳುತ್ತಿದ್ದವರು ಯಾರೋ ಪಕ್ಕದಲ್ಲಿದ್ದರು. ನಾನು ಆ ಅಕ್ಷರದ ಅರ್ಥ ಹೇಳಿದೆ. ಯಾವ ವೈರ್ ಮೊದಲು ನೋಡಬೇಕು, ಬಿಚ್ಚುವ ಮುಂಚೆ ಕರೆಂಟ್ ತೆಗೆದು ಎಷ್ಟು ಹೊತ್ತು ಕಾಯಬೇಕು ಎನ್ನುವುದನ್ನೂ ಹೇಳಿದೆ. ಅವರು ಕೇಳಿರಲಿಲ್ಲ, ಆದರೆ ಕಣ್ಣು ಕಾಣದವರ ಕೈ ಅಲ್ಲಿಗೆ ಹೋಗುವುದನ್ನು ನೆನೆದು ಹೇಳಿದೆ.

"ಹ್ಞೂಂ. ನಾನೂ ಅದೇ ಅನ್ಕಂಡಿದ್ದೆ," ಎಂದು ಫೋನ್ ಇಟ್ಟರು.

ಹೇಗಿದ್ದೀಯ ಎಂದು ಕೇಳಲಿಲ್ಲ. ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಸ್ಪ್ಯಾನರ್ ಅನ್ನು ನೆಲಕ್ಕೆ ಎಸೆದೆ. ಅದು ಪುಟಿದು ತಾರಸಿಯ ಮೂಲೆಗೆ ಹೋಯಿತು. ಸಂಜೆ ಮನೆಯಲ್ಲಿ ಅಮ್ಮನಿಗೆ ಹೇಳಿದಾಗ, "ನೀನ್ಯಾಕೆ ಹೇಳ್ಕೊಡೋಕೆ ಹೋದೆ? ಕಟ್ ಮಾಡೋದಲ್ವಾ?" ಎಂದರು.

"ಅವ್ರು ಕೇಳಿದ್ರು," ಎಂದೆ. ಅಮ್ಮ ನನ್ನ ಮುಖ ನೋಡಿ, ಮುದ್ದೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.